ನಾನು ಊದದ ವಿಷಲ್

ಹೋದ ವರ್ಷ ದೀಪಾವಳಿ ರಜೆ ಮುಗಿದ ವಾರದ ಮಾತು. ನಾನು ಸಿಂಧನೂರು ತಾಲೂಕಿನ ತುರ್ವಿಹಾಳದಲ್ಲಿ ಪಿ.ಟಿ. ಟೀಚರ್. ಸಿಂಧನೂರು ಮತ್ತು ಲಿಂಗಸುಗೂರು ತಂಡಗಳ ಫುಟ್‌ಬಾಲ್ ಫೈನಲ್ ಇತ್ತು. ಎರಡೂ ಊರಿಗೆ ನಡುವೆ ಆಗುತ್ತದೆ ಅಂತ ಮಸ್ಕಿಯಲ್ಲಿ ಇಟ್ಟಿದ್ದರು. ಬರಬೇಕಾಗಿದ್ದ ರೆಫ್ರಿಗೆ ಜ್ವರ. "ಮೇಡಂ, ನೀವ ನಿಂದರ್ರೀ, ಬ್ಯಾರೆ ಯಾರೂ ಸಿಗವಲ್ರು" ಅಂತ ಫೋನ್ ಬಂತು. ಶಾಲೆ ಮಕ್ಕಳ ಆಟ ಬಿಟ್ಟರೆ ದೊಡ್ಡವರ ಆಟಕ್ಕೆ ನಾನು ಎಂದೂ ರೆಫ್ರಿ ಆದವಳಲ್ಲ. ಆದರೂ ಹೂಂ ಅಂದುಬಿಟ್ಟೆ.

ಮೈದಾನ ರಸ್ತೆಗೆ ಹತ್ತಿಕೊಂಡೇ ಇದೆ, ಪಕ್ಕದಲ್ಲೇ ಬಸ್ಸುಗಳು ನಿಲ್ಲುತ್ತವೆ. ನಾನು ಒಳಗೆ ಕಾಲಿಡುತ್ತಲೇ ಲಿಂಗಸುಗೂರು ಕಡೆಯ ಒಬ್ಬ ಹಿರಿಯ ಎಲ್ಲರಿಗೂ ಕೇಳುವಂಗೆ, "ಸಿಂಧನೂರು ಅಕ್ಕಿ ಉಣ್ಣಾಕಿ ಬಂದಾಳ್ರೆಪ್ಪ, ಇನ್ನ ನಮಗ ನ್ಯಾಯ ಸಿಕ್ಕಂಗೈತಿ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ ಒಂದೇ ಚಿಂತೆ. ಒಂದು ಕಡೆಗೆ ವಾಲಿದಳು ಅಂತ ಇವತ್ತು ಹೆಸರು ಬಂದರೆ, ಈ ಮೂರು ತಾಲೂಕಿನಲ್ಲಿ ಮತ್ತೆ ನನ್ನ ಕೈಗೆ ವಿಷಲ್ ಕೊಡುವವರಿಲ್ಲ.

ಸಿಂಧನೂರು ಒಂದು ಗೋಲು ಮುಂದಿತ್ತು. ಆಟ ಮುಗಿಯಲು ಬಂದಾಗ ಲಿಂಗಸುಗೂರಿಗೆ ಗೋಲಿನ ಎದುರೇ ಫ್ರೀ ಕಿಕ್ ಸಿಕ್ಕಿತು. ಒದೆಯಲು ಬಂದವನು ಅವರ ಕ್ಯಾಪ್ಟನ್ ರಫೀಕ್. ಸಿಂಧನೂರಿನ ನಾಲ್ವರು ಚೆಂಡಿನ ಮುಂದೆಯೇ ಗೋಡೆ ಕಟ್ಟಿದಂತೆ ಸಾಲಾಗಿ ನಿಂತರು. ನಿಯಮದಂತೆ ಅವರು ಹತ್ತು ಗಜ ದೂರ ಇರಬೇಕು. "ಮೇಡಂ, ಇವ್ರನ್ನ ಹಿಂದ ಸರಸ್ರೀ" ಅಂದ ರಫೀಕ್. ಹಾಗೆ ಕೇಳಿದ ಮೇಲೆ ರೆಫ್ರಿ ವಿಷಲ್ ಊದುವ ತನಕ ಒದೆಯುವಂತಿಲ್ಲ. ನಾನು ವಿಷಲ್ ತೋರಿಸಿ, "ನಾ ಊದೋ ತನಕ ತಡಿ" ಅಂದೆ. ಅವನು ತಲೆ ಆಡಿಸಿದ.

ನಾನು ಚೆಂಡಿಗೆ ಬೆನ್ನು ಮಾಡಿ ಆ ನಾಲ್ವರನ್ನು ಹಿಂದೆ ಕಳಿಸತೊಡಗಿದೆ. ಒಂದು ಹೆಜ್ಜೆ ಸರಿಸಿದರೆ ಅರ್ಧ ಹೆಜ್ಜೆ ವಾಪಸ್ ಬರುತ್ತಾರೆ, ಭಂಡರು! "ಏ, ಕಾಲಿಗೆ ಗೂಟ ಹೊಡೀಲೇನು ನಿಮಗ?" ಅಂತ ಬೈಯುತ್ತಿದ್ದೆ. ಅಷ್ಟರಲ್ಲಿ ರಸ್ತೆ ಮೇಲೆ ಬಸ್ಸಿನ ಕಂಡಕ್ಟರ್ ಪುರ್ರ್ ಅಂತ ವಿಷಲ್ ಊದಿದ. ಬೆನ್ನ ಹಿಂದೆ ಧಪ್ ಅಂತ ಸದ್ದು. ಚೆಂಡು ನನ್ನ ಕಿವಿ ಪಕ್ಕದಿಂದ ಹಾದು ಬಲೆಗೆ ಬಿತ್ತು. ಗೋಲ್‌ಕೀಪರ್ ಇನ್ನೂ ಕಂಬ ಹಿಡಿದು ತನ್ನವರಿಗೆ ಕೈ ಮಾಡುತ್ತಿದ್ದ.

ಲಿಂಗಸುಗೂರು ಮಂದಿ ಟವೆಲ್ ಹಾರಿಸುತ್ತ ಒಳಗೆ ಓಡಿಬಂದರು. ನಾನು ಕೈ ಎತ್ತಿ, "ಗೋಲಿಲ್ಲ, ಮತ್ತ ಒದೀಬೇಕು" ಅಂದೆ. ಅಯ್ಯಯ್ಯೋ, ಒಮ್ಮೆಲೇ ಸುತ್ತ ಮಂದಿ! "ನಮಗ ವಿಷಲ್ ಕೇಳೇತಿ!" "ತಾನ ಊದಿ ಇಲ್ಲ ಅಂತಾಳ ನೋಡ್ರಿ!" ಅದೇ ಹಿರಿಯ ನನ್ನ ಮುಖಕ್ಕೆ ಬೆರಳು ತಂದು, "ನಾ ಮೊದಲ ಹೇಳಿದ್ನಿಲ್ಲೋ?" ಅಂದ. ಅದು ಬಸ್ಸಿಂದು ಅಂತ ಹೇಳಲು ಹೋದೆ. ತಿರುಗಿ ನೋಡಿದರೆ ಬಸ್ಸು ಹೊರಟೇ ಹೋಗಿತ್ತು. ಇನ್ನು ಯಾರನ್ನು ಸಾಕ್ಷಿಗೆ ಕರೆಯಲಿ? ಆದರೂ ಮುಖ ಗಟ್ಟಿ ಮಾಡಿಕೊಂಡು ನಿಂತೆ.

ರಫೀಕ್ ಮಂದಿಯನ್ನು ಸರಿಸಿಕೊಂಡು ಬಂದ. ಇವನೂ ಬೈಯಲಿಕ್ಕೇ ಬಂದ ಅಂದುಕೊಂಡೆ. "ಕಾಕಾ, ಕೈ ಇಳಸ್ರೀ. ಮೇಡಂ ಊದಿಲ್ಲ. ಬಸ್ಸಿಂದು ಕೇಳಿ ನಾನ ಒದ್ದೀನಿ" ಅಂದ.

"ಲೇ, ಹುಚ್ಚೇನಲೇ ನಿನಗ?" ಅಂತ ಅವನ ಕಡೆಯವರೇ ಕಿರುಚಿದರು. ಅವನು ಚೆಂಡು ತಂದು ಅದೇ ಜಾಗದಲ್ಲಿ ಇಟ್ಟ. ಈ ಸಲ ನಾನು ಊದಿದ ಮೇಲೆಯೇ ಒದ್ದ. ಚೆಂಡು ಗೋಲಿನ ಮೇಲಿಂದ ಹಾರಿಹೋಯಿತು. ಲಿಂಗಸುಗೂರು ಸೋತಿತು.

ಆಮೇಲೆ ಅವನ ಜೊತೆ ಯಾರೂ ಮಾತಾಡಲಿಲ್ಲ. ಒಬ್ಬನೇ ಕುಂತು ಬೂಟು ಬಿಚ್ಚುತ್ತಿದ್ದ. ಹತ್ತಿರ ಹೋಗಿ, "ನಿಂದು ದೊಡ್ಡ ಉಪಕಾರ ಆತಪ್ಪ" ಅಂದೆ.

ಅವನು ತಲೆ ಎತ್ತಲಿಲ್ಲ. "ಸುಮ್ಮ ಇರೋಣು ಅಂತನ ಇದ್ನಿರೀ ಮೇಡಂ, ಸುಳ್ಳ್ಯಾಕ ಹೇಳ್ಲಿ. ನಿಮ್ಮ ಕೈ ಗಡಗಡ ನಡಗಾಕತ್ತಿತ್ತು. ನೋಡಾಕ ಆಗಲಿಲ್ಲ."

ನನಗೆ ಮೊದಲು ಸಿಟ್ಟೇ ಬಂತು. ನೀನು ಹೇಳದಿದ್ದರೂ ನಾನು ಮಾತು ಬದಲಿಸುತ್ತಿರಲಿಲ್ಲ ಅನ್ನಬೇಕೆಂದುಕೊಂಡೆ. ಆದರೆ ಅದು ನಿಜವೇ? ಆ ಮಂದಿ ಇನ್ನೊಂದು ಗಳಿಗೆ ಹಾಗೇ ಮೇಲೆ ಬಿದ್ದಿದ್ದರೆ ಗೋಲು ಅಂದುಬಿಡುತ್ತಿದ್ದೆನೋ ಏನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅಲ್ಲಿಂದ ಮುಂದೆ ಎಷ್ಟೋ ಆಟಕ್ಕೆ ನನ್ನನ್ನು ಕರೆದಿದ್ದಾರೆ. "ಈ ಮೇಡಂ ಯಾರಿಗೂ ಅಂಜಂಗಿಲ್ಲ" ಅಂತ ಮಂದಿ ಹೊಗಳುತ್ತಾರೆ. ಹಾಗೆ ಅಂದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ಆ ಹೆಸರು ಉಳಿಸಿಕೊಟ್ಟವನು ಅವತ್ತು ತನ್ನವರ ನಡುವೆಯೇ ಒಬ್ಬನೇ ಕುಂತಿದ್ದ.