ಲೀಟರ್ಸ್ ಮೇಷ್ಟ್ರು

ರುದ್ರಪ್ಪ ಮೇಷ್ಟ್ರು ನಮ್ಮ ನೋಟ್‌ಬುಕ್ ಮುಟ್ಟಿದವರೇ ಅಲ್ಲ. ಗೋಣಿಬೀಡಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವಾಗಲೂ ಅಷ್ಟೇ, ರಿಟೈರಾಗಿ ಮನೆಯ ಜಗಲಿಯಲ್ಲಿ ಪಾಠ ಹೇಳುವಾಗಲೂ ಅಷ್ಟೇ. ಕಣ್ಣು ಮುಚ್ಚಿ ಕೂರುತ್ತಿದ್ದರು, ನಾವು ಬರೆದದ್ದನ್ನು ಗಟ್ಟಿಯಾಗಿ ಓದಬೇಕು. ತಪ್ಪು ಬಂದಲ್ಲಿ ತೋರುಬೆರಳು ಬೆಂಚಿನ ಮೇಲೆ ಟಕ್ ಎನ್ನುತ್ತಿತ್ತು. "ಬರ್ದಿದ್ದು ಕಣ್ಣಿಗೆ ಮೋಸ ಮಾಡ್ತದೆ, ಕಿವಿಗೆ ಮಾಡಲ್ಲ" ಎನ್ನುತ್ತಿದ್ದರು.

ಆ ಬೆರಳು ಹೆಚ್ಚು ಕುಟ್ಟುತ್ತಿದ್ದದ್ದು ಅಳತೆಯ ಮಾತಿಗೆ. ಕನ್ನಡದಲ್ಲಿ ಒಂದಾದರೂ ಲೀಟರೇ, ಹತ್ತಾದರೂ ಲೀಟರೇ. ನಮ್ಮ ನಾಲಿಗೆ ಇಂಗ್ಲಿಷಿನಲ್ಲೂ ಹಾಗೇ ಹೊರಳುತ್ತಿತ್ತು. 'ಟೆನ್ ಲೀಟರ್' ಅಂದರೆ ಟಕ್. "ಎಸ್ ಎಲ್ಲಿ ಮಾರಾಯ್ತಿ, ಕುಡಿದ್ಬಿಟ್ಯಾ?" ಹೆದರಿ ಎಲ್ಲದಕ್ಕೂ ಬಹುವಚನ ಹಚ್ಚಿದರೆ ಮತ್ತೆ ಟಕ್. ಮೆಣಸು ಕೊಯ್ಯುವ ಏಣಿಯನ್ನು ನಾನು 'ಟ್ವೆಂಟಿ ಫೀಟ್ ಲ್ಯಾಡರ್' ಎಂದಾಗ ವಿವರಿಸಿದ್ದರು: "ಏಣಿಯ ಮುಂದೆ ಅಂಟ್ಕೊಂಡು ನಿಂತ್ರೆ ಫೂಟ್, ಟ್ವೆಂಟಿ-ಫೂಟ್ ಲ್ಯಾಡರ್. ಏಣಿ ಬಿಟ್ಟು ಹಿಂದೆ ಬಂದ್ರೆ ಫೀಟ್, ದ ಲ್ಯಾಡರ್ ಈಸ್ ಟ್ವೆಂಟಿ ಫೀಟ್ ಲಾಂಗ್. ಅತ್ತೆ ಎದುರು ಸೊಸೆ ತಗ್ಗಿ ನಡೀತಾಳಲ್ಲ, ಹಂಗೆ." ಆ ಉದಾಹರಣೆಯ ಮೇಲೆ ನನಗೆ ಈಗಲೂ ಸಿಟ್ಟಿದೆ, ಆದರೆ ನಿಯಮ ಮರೆತಿಲ್ಲ. ಊರು ಅವರಿಗೆ ಲೀಟರ್ಸ್ ಮೇಷ್ಟ್ರು ಎಂದೇ ಹೆಸರಿಟ್ಟಿತ್ತು.

ರಿಟೈರಾದ ಮೇಲೆ ಆ ಜಗಲಿಗೆ ಬೆಳೆಗಾರರೂ ಬರತೊಡಗಿದರು. ಕಾಫಿ ಗಿಡಕ್ಕೆ ಹೊಡೆಯುವ ಔಷಧಿಯ ಬಾಟಲಿ ಜೊತೆ ಇರುವೆಯಂಥ ಅಕ್ಷರಗಳ ಇಂಗ್ಲಿಷ್ ಚೀಟಿ ಇರುತ್ತದಲ್ಲ, ಅದನ್ನು ಓದಿಸಿಕೊಳ್ಳಲು. ಮೇಷ್ಟ್ರು ಮುಚ್ಚಳ ಮೂಸಿ, ಚೀಟಿ ಹಿಡಿದು, ಎಸ್ ಒತ್ತಿ ಇಂಗ್ಲಿಷಿನಲ್ಲಿ ಓದಿ, ಆಮೇಲೆ ಕನ್ನಡದಲ್ಲಿ ಅಳತೆ ಹೇಳುತ್ತಿದ್ದರು.

ಮೂಡಿಗೆರೆಯಲ್ಲಿದ್ದ ನಾನು ಅಪ್ಪನ ಮೂರು ಎಕರೆ ನೋಡಿಕೊಳ್ಳಲು ಊರಿಗೆ ಮರಳಿದ ವರ್ಷ, ಎಲೆ ರೋಗದ ಔಷಧಿ ಹಿಡಿದು ಅವರಲ್ಲಿಗೆ ಹೋದೆ. ನನಗೆ ಓದಲು ಬರುವುದಿಲ್ಲವೆಂದಲ್ಲ, ಅವರ ಬಾಯಲ್ಲಿ ಕೇಳುವ ಆಸೆ. ಮೂಸಿದರು, ಚೀಟಿ ಬಿಡಿಸಿದರು. "ಫೈವ್ ಮಿಲಿಲೀಟರ್ಸ್ ಪರ್ ಲೀಟರ್ ಆಫ್ ವಾಟರ್" ಎಂದು ಠೀವಿಯಿಂದ ಓದಿದರು.

ಚೀಟಿ ತಲೆಕೆಳಗಾಗಿತ್ತು.

"ಮೇಷ್ಟ್ರೆ, ಈ ಸಲ ನಾನು ಓದ್ತೇನೆ, ನೀವು ಕೇಳಿ" ಎಂದು ಚೀಟಿ ತೆಗೆದುಕೊಂಡು ಓದಿದೆ. "ಒನ್ ಮಿಲಿಲೀಟರ್ ಪರ್ ಲೀಟರ್..."

ಐದರ ನೆನಪಿನಲ್ಲೇ ಇದ್ದ ಬೆರಳು ಟಕ್ ಎಂದಿತು. "ಎಸ್ ಎಲ್ಲಿ?"

"ಎಸ್ ಇಲ್ಲ ಮೇಷ್ಟ್ರೆ. ಒಂದೇ ಮಿಲಿಲೀಟರ್."

ಅವರು ಮತ್ತೊಮ್ಮೆ ಮುಚ್ಚಳ ಮೂಸಿದರು. "ಇದೇ ವಾಸನೆಯ ಹಳೇ ಔಷಧಿಗೆ ಐದಿತ್ತು" ಎಂದರು. ಮೂರು ಮಳೆಗಾಲದಿಂದ ಅವರಿಗೆ ಅಕ್ಷರ ಕಾಣುತ್ತಿರಲಿಲ್ಲ. ಹೇಳಿದರೆ ಜಗಲಿ ಬರಿದಾಗುತ್ತದೆಂದು ಹೆದರಿ, ನೆನಪು ಮತ್ತು ಮೂಗು ನಂಬಿಕೊಂಡು ಓದುತ್ತಿದ್ದರು. ಅವರೇ ಎದ್ದು ಚಪ್ಪಲಿ ತಡಕಿದರು. "ಹೋದ ವರ್ಷ ಬಾಳೂರು ಲಕ್ಷ್ಮಣ ಗೌಡ್ರು ಇದೇ ಔಷಧಿ ತಂದಿದ್ರು. ಅವ್ರ ಹೊಸ ಗಿಡ ಸುಟ್ಟುಹೋದ್ವಂತೆ, ಬಿಸಿಲಿಗೆ ಅಂದಿದ್ರು. ನನ್ನ ಕರ್ಕೊಂಡು ಹೋಗು."

ಜೀಪಿನಲ್ಲಿ ಬಾಳೂರಿಗೆ ಕರೆದುಕೊಂಡು ಹೋದೆ. ಗೌಡರ ಅಂಗಳದಲ್ಲಿ ನಿಂತು ಕೈ ಮುಗಿದು ಎಲ್ಲ ಒಪ್ಪಿಕೊಂಡರು. ಗೌಡರು ಗಾಬರಿಯಿಂದ ಆ ಕೈ ಹಿಡಿದುಕೊಂಡರು.

"ಅದೆಂತ ಮೇಷ್ಟ್ರೆ, ಬಿಡಿ. ಗಿಡ ಸುಟ್ಟಾಗ್ಲೇ ಗೊತ್ತಾಯ್ತು. ಮಗಳು ಚೀಟಿ ಓದಿದ್ಲು."

"ಮತ್ತೆ ಈ ವರ್ಷನೂ ಬಂದ್ರಲ್ಲ?"

"ನಿಮ್ಗೆ ಬೇಜಾರಾಗ್ಬಾರ್ದು ಅಂತ. ನಿಮ್ಮತ್ರ ಕೇಳಿ, ಮನೇಲಿ ಓದ್ಸಿ ಹೊಡೀತೇವೆ. ಈಗ ಎಲ್ಲರೂ ಹಂಗೇ ಮಾಡೋದು."

"ಎಲ್ಲರೂ?"

ಗೌಡರು ನನ್ನ ಮುಖ ನೋಡಿದರು. ಊರಿಗೆ ಊರೇ ಬಲ್ಲ ಸಂಗತಿ ನನಗೊಬ್ಬಳಿಗೆ ಗೊತ್ತಿರಲಿಲ್ಲ. ಗೌಡರದ್ದು ಒಳ್ಳೆಯ ಮನಸ್ಸೇ, ಅನುಮಾನವಿಲ್ಲ. ಆದರೆ ಮೇಷ್ಟ್ರ ಮುಖ ನೋಡಿದಾಗ ಆ ಒಳ್ಳೆಯತನವನ್ನು ಎತ್ತಿ ಬಿಸಾಕಬೇಕು ಅನ್ನಿಸಿತು.

ವಾಪಸ್ಸು ಬರುವಾಗ ಜೀಪಿನಲ್ಲಿ ಅವರು ಒಂದೇ ಮಾತು ಕೇಳಿದರು. "ನಲ್ವತ್ತು ವರ್ಷ ಎಲ್ಲರ ತಪ್ಪು ತಿದ್ದಿದೆ. ನನ್ನ ತಪ್ಪು ತಿದ್ದೋಕೆ ಒಬ್ಬರಿಗೂ ಬಾಯಿ ಬರ್ಲಿಲ್ವಾ ಮಾರಾಯ್ತಿ?"

ಮರುದಿನದಿಂದ ಜಗಲಿಯ ಬಾಗಿಲು ತೆರೆಯಲಿಲ್ಲ. ಆಮೇಲೆ ಎರಡು ಸಲ ಹೋದೆ. ಒಳಗೆ ಮಲಗಿದ್ದವರು ಕುಶಲ ಕೇಳಿದರು, ಅಷ್ಟೇ. ಮೆಣಸಿನ ಕೊಯ್ಲಿನ ಹೊತ್ತಿಗೆ ತೀರಿಕೊಂಡರು.

ಮಣ್ಣಿಗೆ ಹೋದಾಗ ಊರೆಲ್ಲ ಸೇರಿತ್ತು. "ಕೊನೇವರೆಗೂ ನಮ್ಗೆಲ್ಲ ಚೀಟಿ ಓದಿ ಹೇಳ್ತಿದ್ರು, ಒಂದ್ಸಲನೂ ತಪ್ಪಿಲ್ಲ" ಎಂದು ಯಾರೋ ಕಣ್ಣೊರೆಸಿಕೊಂಡರು. ಲಕ್ಷ್ಮಣ ಗೌಡರು ಹೌದು ಹೌದು ಎಂದು ತಲೆಯಾಡಿಸಿದರು.

"ಇಲ್ಲ" ಎಂದೆ ನಾನು. "ಅವ್ರಿಗೆ ಕಣ್ಣು ಕಾಣ್ತಿರ್ಲಿಲ್ಲ. ತಪ್ಪು ಹೇಳ್ತಿದ್ರು. ಅವ್ರು ಬದುಕಿರುವಾಗ ಅದನ್ನ ನೀವು ಯಾರೂ ಹೇಳ್ಲಿಲ್ಲ."