ಕೆರೆಯ ಕಡೆಯಿಂದ ಬಂದ ಕೂಗು

ದೆವ್ವ, ಪೀಡೆ, ಕಾಡಿನಲ್ಲಿ ದಾರಿ ತಪ್ಪಿಸುವ ಶಕ್ತಿ, ಇಂಥ ಮಾತು ಶುರುವಾದರೆ ಎದ್ದು ಹೋಗುವವನು ನಾನು. ಮೂಡುಬಿದಿರೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೆ.

ಕೆಲವು ವರ್ಷಗಳ ಹಿಂದೆ ನಾನೂ ನನ್ನ ಭಾವನೂ ಶ್ರೀಲಂಕಾಕ್ಕೆ ಹೋಗಿದ್ದೆವು. ಭಾವ ಎಂದರೆ ಅಕ್ಕನ ಗಂಡ. ಊರು ಮುಂಡಾಜೆ, ಬೆಳ್ತಂಗಡಿಯಲ್ಲಿ ಪಂಪ್‌ಸೆಟ್ಟಿನ ಅಂಗಡಿ. ಅವರಿಗೆ ಹಕ್ಕಿಗಳ ಹುಚ್ಚು. ಬಸದಿಗಳ ನಡುವೆ ಬೆಳೆದ ನನಗೆ ಹಳೆಯ ಕಲ್ಲುಗಳ ಹುಚ್ಚು. ಒಂದೇ ಪ್ರವಾಸದಲ್ಲಿ ಎರಡೂ ಆಗುತ್ತದೆಂದು ಹೊರಟೆವು.

"ಹಕ್ಕಿ ಕಂಡರೆ ಇವರಿಗೆ ಕಾಲಡಿ ಏನುಂಟು ಅಂತ ಕಾಣುವುದಿಲ್ಲ. ನಿನ್ನ ಕೈಯಲ್ಲಿ ಕೊಟ್ಟಿದ್ದೇನೆ, ಹಾಗೆಯೇ ವಾಪಸ್ ತಾ" ಎಂದಳು ಅಕ್ಕ.

"ನೋಡು, ಲಗೇಜಿನ ಒಟ್ಟಿಗೆ ನನ್ನನ್ನೂ ಬುಕ್ ಮಾಡಿದ್ದಾಳೆ" ಎಂದರು ಭಾವ.

ಕೊನೆಯ ದಿನ ಸಂಜೆ ಗೈಡ್ ಸುನಿಲ್ ನಮ್ಮನ್ನು ಪ್ರವಾಸಿಗರು ಬಾರದ ಒಂದು ಜಾಗಕ್ಕೆ ಕರೆದೊಯ್ದ. ಮುಳ್ಳುಕಾಡಿನ ನಡುವೆ ಕುಸಿದ ಇಟ್ಟಿಗೆಯ ಸ್ತೂಪ, ವಾಲಿ ನಿಂತ ಕಲ್ಲುಕಂಬಗಳು, ಎಡಕ್ಕೆ ಸ್ವಲ್ಪ ದೂರದಲ್ಲಿ ಒಂದು ಕೆರೆ. ಆನೆಗಳು ನೀರಿಗೆ ಬರುವ ಹೊತ್ತು, ಕೂಗಬೇಡಿ, ದೂರ ಹೋಗಬೇಡಿ ಎಂದು ಹೇಳಿ ಅವನು ನೀರಿನ ಬಾಟಲಿ ತರಲು ವ್ಯಾನಿನ ಕಡೆ ಹೋದ. ನನಗೆ ಮೊದಲ ನೋಟಕ್ಕೇ ಆ ಜಾಗ ಹಿಡಿಸಲಿಲ್ಲ. ನಮ್ಮ ಬಸದಿಗಳಲ್ಲಿ ಜನ ಇಲ್ಲದಿದ್ದರೂ ಕಲ್ಲಿಗೆ ಮನುಷ್ಯರ ಗುರುತು ಇರುತ್ತದೆ. ಇಲ್ಲಿ ಕಲ್ಲುಗಳು ನಮಗೆ ಬೆನ್ನು ಹಾಕಿದಂತಿದ್ದವು.

ಭಾವ ಬಲಗಡೆ ಕೈ ತೋರಿಸಿದರು. "ನವರಂಗ ಉಂಟು ಮಾರಾಯ. ಎರಡು ನಿಮಿಷ."

"ನಿಮ್ಮ ಮನೆಯ ಹಿತ್ತಿಲಿಗೇ ಬರುವ ಹಕ್ಕಿಯನ್ನು ನೋಡಲಿಕ್ಕೆ ವಿಮಾನದಲ್ಲಿ ಬರಬೇಕಾ ಭಾವ?"

"ಅದು ಊರಿನದ್ದು, ಇದು ಫಾರಿನ್‌ದು" ಎನ್ನುತ್ತಾ ಸ್ತೂಪದ ಹಿಂದೆ ಹೋದರು.

ಇಲ್ಲಿ ಒಂದು ವಿಷಯ ಹೇಳಬೇಕು. ಭಾವನ ಮನೆಯವರು ಕಾಡಿನಲ್ಲಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದಿಲ್ಲ. 'ಕೂ' ಹಾಕುತ್ತಾರೆ. ಕೇಳಿಸಿಕೊಂಡವರು ತಿರುಗಿ 'ಕೂ' ಹಾಕಲೇಬೇಕು. ಹಾಕದಿದ್ದರೆ ಅವರಿಗೆ ಏನೋ ಆಗಿದೆ ಎಂದೇ ಲೆಕ್ಕ. ರಜೆಯಲ್ಲಿ ಅಲ್ಲಿಗೆ ಹೋಗಿ ಹೋಗಿ ನನಗೂ ಅದು ರೂಢಿಯಾಗಿತ್ತು. ಭಾವ ಉದ್ದಕ್ಕೆ ಎಳೆದು, ಕೊನೆಯಲ್ಲಿ ಕತ್ತರಿಸಿದ ಹಾಗೆ ನಿಲ್ಲಿಸುತ್ತಾರೆ. ಎಲ್ಲಿ ಕೇಳಿದರೂ ಗುರುತು ಸಿಗುತ್ತದೆ.

ಬೆಳಕು ಇಳಿಯತೊಡಗಿತ್ತು. ಅಷ್ಟು ಹೊತ್ತು ಗಲಾಟೆ ಮಾಡುತ್ತಿದ್ದ ಹಕ್ಕಿಗಳು ಒಮ್ಮೆಲೇ ಸುಮ್ಮನಾದವು. ಆಗ ಕೆರೆಯ ಕಡೆಯಿಂದ 'ಕೂ' ಬಂತು. ಭಾವನದ್ದೇ ಕೂಗು. ಬಲಕ್ಕೆ ಹೋದವರು ಎಡಕ್ಕೆ ಯಾವಾಗ ದಾಟಿದರು ಎಂದು ಆಶ್ಚರ್ಯವಾಯಿತು. ಗೈಡ್ ಹೇಳಿದ್ದು ನೆನಪಿತ್ತು, ಆದರೂ ಬಾಯಿ ತನ್ನಷ್ಟಕ್ಕೆ ಉತ್ತರ ಕೊಟ್ಟಿತು. ಮತ್ತೆ ಕೂಗು ಬಂತು, ಈ ಸಲ ಸ್ವಲ್ಪ ಅವಸರದಲ್ಲಿ. ಬಿದ್ದಿದ್ದಾರೋ ಏನೋ ಎಂದು ನಾನು ಮುಳ್ಳು ಸರಿಸಿಕೊಂಡು ಆ ಕಡೆ ನಡೆದೆ. ಅಂಗಿ ಹರಿಯಿತು, ಕೈ ತರಚಿತು. ನಿಂತರೆ ಸಾಕು, ಕೂಗು ಬರುತ್ತಿತ್ತು. ನಾನು ಉತ್ತರಿಸುತ್ತ ಹೋದೆ.

ಕೆರೆಯ ಅಂಚಿನ ಬಯಲಿಗೆ ಬಂದೆ. ಎದುರಿಗೆ ಒಂದು ದೊಡ್ಡ ಪೊದೆ. ಅದರ ಮಗ್ಗುಲಲ್ಲಿ ಒಂಟಿ ಆನೆ, ಕಿವಿ ಅಗಲಿಸಿ ಅಲ್ಲಾಡದೆ ನಿಂತಿತ್ತು. ಪೊದೆಯ ಆಚೆಯಿಂದ ಭಾವ ನಡೆದು ಬರುತ್ತಿದ್ದರು. ಅವರಿಗೆ ಆನೆ ಕಾಣುವಂತಿರಲಿಲ್ಲ. ಅವರ ಮುಖ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಆಗ ಮತ್ತೊಮ್ಮೆ 'ಕೂ' ಕೇಳಿಸಿತು. ನಮ್ಮಿಬ್ಬರ ನಡುವೆ, ಆ ಪೊದೆಯೊಳಗಿಂದ. ಭಾವನ ತುಟಿ ಮುಚ್ಚಿಯೇ ಇತ್ತು.

ಅವರು ಉತ್ತರ ಕೊಡಲು ಬಾಯಿ ತೆರೆದರು. ನಾನು ಅವರ ಹೆಸರು ಹಿಡಿದು ಕಿರುಚಿದೆ. ಆನೆ ನನ್ನ ಕಡೆ ತಿರುಗಲಿಲ್ಲ, ಅವರ ಕಡೆ ನುಗ್ಗಿತು. ಭಾವ ಓಡುವಾಗ ಕಲ್ಲಿಗೆ ಎಡವಿ ಬಿದ್ದರು. ಕೊರಳಿನಿಂದ ಜಾರಿದ ಕ್ಯಾಮೆರಾ ಆನೆಯ ಕಾಲಡಿ ಪುಡಿಯಾದದ್ದನ್ನು ನೋಡಿದೆ. ಮುಂದಿನ ಹೆಜ್ಜೆ ಅವರ ಮೇಲೆಯೇ ಬೀಳಬೇಕಿತ್ತು. ಎಲ್ಲಿಂದಲೋ ಓಡಿಬಂದ ಸುನಿಲ್ ಕೈ ಎತ್ತಿ ತನ್ನ ಭಾಷೆಯಲ್ಲಿ ಅದನ್ನು ಗದರಿಸಿದ. ಆನೆ ನಿಂತಿತು, ತಲೆ ಕೊಡವಿತು, ಕಾಡಿಗೆ ಹೋಯಿತು.

ಭಾವನ ಭುಜದ ಎಲುಬು ಮುರಿದಿತ್ತು. ಅಲ್ಲಿನ ಆಸ್ಪತ್ರೆಯಲ್ಲಿ ಪಟ್ಟಿ ಹಾಕಿಸಿಕೊಂಡ ಮೇಲೆ ಅವರು ಕೇಳಿದ ಮೊದಲ ಮಾತು, "ನೀನು ಯಾಕೆ ನನ್ನನ್ನು ಆ ಬದಿಗೆ ಕರೆದದ್ದು?"

"ನಾನು ಎಲ್ಲಿ ಕರೆದೆ? ನೀವಲ್ಲವಾ ಕರೆದದ್ದು?"

"ನಾನಾ? ಹಕ್ಕಿಯ ಎದುರು ಕೂತು ಕೂ ಹಾಕಲಿಕ್ಕೆ ನನಗೆ ತಲೆ ಕೆಟ್ಟಿದೆಯಾ? ನಿನ್ನ ಕೂಗು ಕೇಳಿಯೇ ಹಕ್ಕಿ ಬಿಟ್ಟು ಎದ್ದು ಬಂದದ್ದು."

"ಕೋಗಿಲೆ ಆಗಿರಬಹುದು" ಎಂದೆ.

"ಕೋಗಿಲೆಯ ಪಾಠ ನನಗೆ ಮಾಡಬೇಡ" ಎಂದರು. ನಗಲಿಲ್ಲ.

ಸುನಿಲ್‌ನನ್ನು ಕೇಳಿದೆ. ತಾನು ಕೇಳಿದ್ದು ಒಬ್ಬರ ಕೂಗು ಮಾತ್ರ ಎಂದ. ಯಾರದ್ದು ಎಂದರೆ ನನ್ನತ್ತ ಬೆರಳು ತೋರಿಸಿದ. ಬೇಡವೆಂದರೂ ಯಾಕೆ ಕೂಗುತ್ತಲೇ ಇದ್ದಿರಿ ಎಂದು ಕೇಳಿದಾಗ ಅವನ ದನಿಯಲ್ಲಿ ಸಿಟ್ಟಿತ್ತು.

ಪ್ರತಿಧ್ವನಿ ಎಂದುಕೊಳ್ಳಲು ಬಹಳ ಪ್ರಯತ್ನಿಸಿದ್ದೇನೆ. ಪ್ರತಿಧ್ವನಿ ಮೊದಲು ಕೂಗುವುದಿಲ್ಲ. ಭಯದ ಭ್ರಮೆ ಎನ್ನೋಣವೆಂದರೆ ಮೊದಲ ಕೂಗು ಬಂದಾಗ ನನಗೆ ಭಯವೇ ಇರಲಿಲ್ಲ. ಆ ಮುಚ್ಚಿದ ತುಟಿಗಳು ಈಗಲೂ ಪಾಠದ ನಡುವೆ ಕಣ್ಣೆದುರು ಬಂದು ನಿಲ್ಲುತ್ತವೆ, ಹೇಳುತ್ತಿದ್ದ ಸೂತ್ರ ಮರೆತುಹೋಗುತ್ತದೆ.

ಅಕ್ಕನಿಗೆ ನಾವು ಆನೆಯ ಕಥೆ ಮಾತ್ರ ಹೇಳಿದ್ದೇವೆ. ಭಾವನ ಭುಜ ಕೂಡಿಕೊಂಡಿದೆ, ಹಬ್ಬಕ್ಕೆ ಕರೆಯುತ್ತಾರೆ, ಹೋಗುತ್ತೇನೆ. ಊಟಕ್ಕೆ ಕೂತಾಗ ಕೆಲವೊಮ್ಮೆ ಅವರು ನನ್ನನ್ನೇ ನೋಡುತ್ತಿರುತ್ತಾರೆ. ತಮ್ಮನ್ನು ಅಲ್ಲಿಗೆ ಕರೆದವನು ನಾನೇ ಎಂದು ಅವರಿಗೆ ಖಾತ್ರಿ. ನಾನು ಅಲ್ಲವೆನ್ನುತ್ತೇನೆ. ಮೊದಮೊದಲು ಗಟ್ಟಿಯಾಗಿ ಹೇಳುತ್ತಿದ್ದೆ.