ಮೇಷ್ಟ್ರ ಗಂಟಲಲ್ಲಿ ಕೊಟ್ಟ ಪಟ್ಟಿ

ತಪ್ಪು ನನ್ನದೇ. ನಾನು ತೆರೆದೂ ನೋಡದ ಪುಸ್ತಕಗಳನ್ನು ಓದು ಅಂತ ಚಿಕ್ಕಪ್ಪನ ಮಗಳಿಗೆ ಹೇಳಿದೆ. ಅದೂ ನನ್ನ ದನಿಯಲ್ಲಲ್ಲ, ನಮ್ಮ ಇತಿಹಾಸದ ಮೇಷ್ಟ್ರ ದನಿಯಲ್ಲಿ.

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳು. ನಮ್ಮೂರು ತಮಿಳುನಾಡಿನ ತಾಳವಾಡಿಯ ಪಕ್ಕ. ನಾನು ಗಡಿಯಾಚೆ, ಕರ್ನಾಟಕದ ಚಾಮರಾಜನಗರದ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎ. ಕೊನೇ ವರ್ಷ ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದು ಹಾಸ್ಟೆಲಿನವರ ಲೆಕ್ಕ. ಊರಲ್ಲಿ ನನಗೆ ಹೆಸರು ಬಂದದ್ದು ಅಣಕಿಸುವುದಕ್ಕೆ. ತಾಳವಾಡಿ ಬಸ್ಸಿನ ಕಂಡಕ್ಟರು ತಮಿಳಿನಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಹೇಳುವುದು, ನಮ್ಮಜ್ಜಿ ಟೀವಿಯೊಳಗಿನವರ ಜೊತೆ ಜಗಳಕ್ಕೆ ನಿಲ್ಲುವುದು, ಪ್ರಶ್ನೆಪತ್ರಿಕೆ ನೋಡಿದ ಕೂಡಲೇ ಪೆನ್ನು ಕಚ್ಚುವ ನನ್ನದೇ ಮುಖ, ಎಲ್ಲ ಮಾಡಿ ತೋರಿಸುತ್ತಿದ್ದೆ. ಆದರೆ ಬೇಡಿಕೆ ಇದ್ದದ್ದು ಮೇಷ್ಟ್ರಿಗೆ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕೆಮ್ಮಿ, ಇದನ್ನು ಓದದವನು ಇತಿಹಾಸದ ಹೊಸ್ತಿಲೇ ತುಳಿದಿಲ್ಲ ಅನ್ನುವುದು.

ಚಿಕ್ಕಪ್ಪನ ಮಗಳು, ಈ ತಂಗಿಗೂ ಅದೇ ಕಾಲೇಜಿನಲ್ಲಿ ಸೀಟು ಸಿಕ್ಕಿತು. ನಮ್ಮ ಮನೆತನದಲ್ಲಿ ಕಾಲೇಜಿಗೆ ಹೊರಟ ಮೊದಲ ಹೆಣ್ಣು ಅವಳು. ಇತಿಹಾಸಕ್ಕೆ ಮೊದಲು ಏನು ಓದಲಿ ಅಂತ ಕೇಳಿದಳು. ನಾನು ಜಗಲಿಯ ಮೇಲೆ ಮೇಷ್ಟ್ರಾಗಿ ಕೂತೆ. ಕೈಯಲ್ಲಿದ್ದ ಒಂದು ದಪ್ಪ ಪುಸ್ತಕದ ಕೊನೆಯಲ್ಲಿ ಆಧಾರಗ್ರಂಥಗಳ ಸಾಲು ಇತ್ತು. ಇಂಗ್ಲಿಷಿನವನ್ನೂ ಬಿಡದೆ ಇಳಿಸಿಕೊಟ್ಟೆ. ಹೆಸರು ಹೇಳಲು ನಾಲಗೆ ತೊಡರುವಂಥದ್ದನ್ನು ಎಲ್ಲಕ್ಕಿಂತ ಮೇಲೆ ಹಾಕಿದೆ, ಗೌರವ ಹೆಚ್ಚಲಿ ಅಂತ.

ನಮ್ಮ ಮನೆಯಲ್ಲಿ ಪಟ್ಟಿ ಅಂದರೆ ಏನು ಅನ್ನುವುದನ್ನು ನಾನು ಮರೆತಿದ್ದೆ. ನಮಗೆ ಗೊತ್ತಿದ್ದ ಪಟ್ಟಿ ಪೂಜೆಗೆ ಅಯ್ನೋರು ಬರೆದುಕೊಡುವುದು. ಅದರಲ್ಲಿ ಒಂದು ಸಾಮಾನು ಕಡಿಮೆಯಾದರೂ ಪೂಜೆ ಶುರುವಾಗುವುದಿಲ್ಲ. ಚಿಕ್ಕಪ್ಪನ ಗೃಹಪ್ರವೇಶದ ದಿನ ಕರ್ಪೂರ ಮರೆತು, ತಾಳವಾಡಿಗೆ ಸೈಕಲ್ಲು ಹೋಗಿ ಬರುವ ತನಕ ನೆಂಟರೆಲ್ಲ ಹಸಿದು ಕೂತಿದ್ದರು.

ಚಿಕ್ಕಪ್ಪ ನನ್ನ ಪಟ್ಟಿಯನ್ನೂ ಹಾಗೇ ಭಕ್ತಿಯಿಂದ ಮಡಚಿ ಜೇಬಿಗಿಟ್ಟರು. ಕೋಸಿನ ಮೂಟೆ ಲಾರಿಗೆ ಹಾಕಿಸಿದ ಮೇಲೆ ತಾಳವಾಡಿಯ ಲೈಬ್ರರಿಗೆ ಹೋದರು. ಅಲ್ಲಿ ತಮಿಳಿನ ನಡುವೆ ಕನ್ನಡಕ್ಕೆ ಒಂದೇ ಕಪಾಟು. ಚಾಮರಾಜನಗರದ ಅಂಗಡಿಗಳನ್ನೂ ಸುತ್ತಿದರು. ಸಿಕ್ಕವನ್ನು ತಂದು, ಪಟ್ಟಿಯಲ್ಲಿ ಗುರುತು ಹಾಕಿದರು. ಮೊದಲನೆಯದು ಮಾತ್ರ ಎಲ್ಲೂ ಇಲ್ಲ. ಅದು ಅಚ್ಚಾಗುವುದು ನಿಂತೇ ಎಷ್ಟೋ ಕಾಲವಾಗಿತ್ತಂತೆ. ಮೊದಲನೆಯದೇ ಬಾರದೆ ಉಳಿದದ್ದನ್ನು ಮುಟ್ಟುವುದು ಹೇಗೆ? ಬಂದ ಪುಸ್ತಕಗಳೆಲ್ಲ ಅರಿಶಿನದ ಮೂಟೆಯ ಪಕ್ಕ ಟವೆಲ್ಲು ಹೊದ್ದುಕೊಂಡು ಕೂತವು. ತಂಗಿ ತರಗತಿಯಲ್ಲಿ ಹಿಂದಿನ ಬೆಂಚಿಗೆ ಸರಿಯುತ್ತ ಹೋದದ್ದು ನನಗೆ ಗೊತ್ತಾಗಲಿಲ್ಲ. ನಾನು ಕ್ಯಾಂಟೀನಿನಲ್ಲಿ ಮೇಷ್ಟ್ರಾಗಿದ್ದೆ.

ದೀಪಾವಳಿ ರಜೆಗೆ ಊರಿಗೆ ಬಂದೆ. ಪಕ್ಕದ ಗುಮಟಾಪುರದಲ್ಲಿ ದೀಪಾವಳಿ ಮುಗಿದ ಮೇಲೆ ನಡೆಯುವ ಸಗಣಿ ಹಬ್ಬದಲ್ಲಿ ಎರಚಾಡಿ, ಕೆರೆಯಲ್ಲಿ ಅರೆಬರೆ ತೊಳೆದುಕೊಂಡು, ಚಿಕ್ಕಪ್ಪನ ಮನೆಯ ಹಿತ್ತಿಲಿಗೆ ಬಂದು ನಿಂತೆ. ತಂಗಿ ಬಿಸಿನೀರು ತಂದಳು. ಕಿವಿಯಲ್ಲಿ ಸಗಣಿ ಇಟ್ಟುಕೊಂಡೇ ಕೆಮ್ಮಿ, ಓದು ಎಲ್ಲಿಗೆ ಬಂತು ಅಂತ ಮೇಷ್ಟ್ರ ದನಿಯಲ್ಲಿ ಕೇಳಿದೆ. ಅವಳು ನಗಲಿಲ್ಲ.

“ಸೋಮವಾರ ಟೀಸಿ ಈಸ್ಕಬುಡ್ತೀನಿ ಕಣಣ್ಣ. ಅಪ್ಪನೂ ಬತ್ತೀನಿ ಅಂದದ. ಪುಸ್ತಕ ಜೋಡ್ಸಕ್ಕೇ ಆಗ್ನಿಲ್ಲ ನನ್ ಕೈಲಿ, ಇನ್ನ ಓದದೆಲ್ಲಿ? ನೀನು ಎಲ್ಲವ ಓದ್ಬುಟ್ಟಿದ್ದೀಯ. ನನ್ ತಲೆಗ ಅಲ್ಲ ಇದು.”

ಮೇಷ್ಟ್ರ ದನಿಯನ್ನು ಅಲ್ಲೇ ಬಿಟ್ಟೆ.

“ಅದ್ರಲ್ಲಿ ಒಂದ್ನೂ ನಾನು ಓದ್ನಿಲ್ಲ ಕಣವ್ವ,” ಅಂದೆ.

ಅವಳು ಚೊಂಬಿಗೆ ಬಿಸಿನೀರು ತುಂಬಿಕೊಂಡಳು. ಮೊದಲನೆಯದನ್ನೂ ಓದಿಲ್ಲವಾ, ಅಂತ ಕೇಳಿದಳು. ಅದರ ರಟ್ಟು ಯಾವ ಬಣ್ಣ ಅನ್ನುವುದೂ ಗೊತ್ತಿಲ್ಲ ಅಂದೆ. ಆಗ ನಕ್ಕಳು ನೋಡಿ, ಚೊಂಬಿನ ನೀರೆಲ್ಲ ನನ್ನ ಕಾಲ ಮೇಲೆ. ಬಿಸಿನೀರು ಅಷ್ಟು ಹಿತವಾಗಿ ಸುಟ್ಟದ್ದು ಅದೊಂದೇ ಸಲ.

ಮೈ ತೊಳೆದು ಬಂದು ಬೇರೆ ಪಟ್ಟಿಗೆ ಕೂತೆವು. ಈ ಸಲ ಮೊದಲು ನಾನು ಕೇಳಿದೆ: ನಿನಗೇನು ತಿಳಿಯಬೇಕು? ಹೊಲದ ಬದುವಿನ ಕಲ್ಲಿನಲ್ಲಿ ಕತ್ತಿ ಹಿಡಿದು ನಿಂತವನು ಯಾರು, ಅಜ್ಜಿ ಅವನಿಗೆ ಅರಿಶಿನ ಹಚ್ಚುವುದು ಯಾಕೆ, ಅಂದಳು. ಹಾಗಾದರೆ ವೀರಗಲ್ಲುಗಳ ಮೇಲೆ ಒಂದು ಪುಟ್ಟ ಪುಸ್ತಕವಿದೆ, ತಾಳವಾಡಿಯ ಅದೇ ಕಪಾಟಿನಲ್ಲಿ, ಕೆಳಗಿನ ಸಾಲಿನಲ್ಲಿ. ಚಿತ್ರಗಳಿಂದ ಶುರು ಮಾಡು, ರಾಜರ ವಂಶಾವಳಿ ಬಂದಾಗ ಪುಟ ಹಾರಿಸು ಅಂತ ಪಕ್ಕದಲ್ಲೇ ಬರೆದೆ. ಯಾರಾದ ಮೇಲೆ ಯಾರು ಬಂದರು ಅನ್ನುವುದಕ್ಕೆ ಅವಳ ಟ್ರಂಕಿನಲ್ಲಿದ್ದ ಒಂಬತ್ತನೇ ತರಗತಿಯ ಸಮಾಜ ಪುಸ್ತಕವೇ ಸಾಕು. ಆಮೇಲೆ ಒಬ್ಬನೇ ರಾಜನ ಬಗ್ಗೆ ಎರಡು ಸಣ್ಣ ಪುಸ್ತಕ. ಒಂದು ಅವನನ್ನು ಹೊಗಳುತ್ತದೆ, ಇನ್ನೊಂದು ಉಗಿಯುತ್ತದೆ. ಜೊತೆಗಿಟ್ಟುಕೊಂಡು ಓದು, ಜಗಳ ಅಲ್ಲಿ ಗೊತ್ತಾಗುತ್ತದೆ. ಯಾವುದರಿಂದ ಬೇಕಾದರೂ ಹಿಡಿ, ಬೇಜಾರಾದರೆ ಬಿಡು, ದೋಷವಿಲ್ಲ ಅಂತ ಅಡಿಯಲ್ಲಿ ಸೇರಿಸಿದೆ. ಇವನ್ನೆಲ್ಲ ನಾನು ನಿಜವಾಗಿ ಓದಿದ್ದೆ. ತೆಳ್ಳಗಿದ್ದವು, ಅದಕ್ಕೆ.

ತಾಳವಾಡಿಯಿಂದ ಆ ಪುಟ್ಟ ಪುಸ್ತಕ ತಂದು ಓದಿಕೊಂಡು, ಭಾನುವಾರ ಅವಳು ನನ್ನನ್ನು ಹೊಲಕ್ಕೆ ಎಳೆದುಕೊಂಡು ಹೋದಳು. ಕಲ್ಲಿನ ಕೆಳಗಿನ ಸಾಲಿನಲ್ಲಿ ದನಗಳಿವೆ, ಅವನ್ನು ಬಿಡಿಸಿಕೊಳ್ಳಲು ಹೋಗಿ ಸತ್ತವನು ಇವನು, ಮೇಲಿನ ಸಾಲಿನಲ್ಲಿ ಅವನನ್ನು ಸ್ವರ್ಗಕ್ಕೆ ಕರೆದೊಯ್ಯುತ್ತಿದ್ದಾರೆ ಅಂತ ಬೆರಳಿಟ್ಟು ತೋರಿಸಿದಳು. ಹುಟ್ಟಿದಾಗಿನಿಂದ ನೋಡಿದ ಕಲ್ಲು. ನಾನು ದನಗಳನ್ನು ಕಂಡೇ ಇರಲಿಲ್ಲ. ಟೀಸಿಯ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ರಾತ್ರಿ ನನಗೆ ಒಳ್ಳೆಯ ನಿದ್ದೆ.

ಸೋಮವಾರ ಬಸ್ಸಿಗೆ ಕಾಯುವಾಗ ಚಿಕ್ಕಪ್ಪ ಬಿಳೀ ಅಂಗಿ ತೊಟ್ಟು ಬಂದರು, ಟೀಸಿಗೆ. ಬೇಕಾಗಿಲ್ಲ, ಓದ್ತೀನಿ ಅಂತ ಮಗಳು ಹೊಸ ಚೀಟಿ ತೋರಿಸಿದಳು. ಅವರು ಅದನ್ನು ತಿರುಗಿಸಿ ಹಿಂದುಗಡೆಯೂ ನೋಡಿದರು.

“ಏನ್ಲಾ ಇದು, ಆವತ್ತು ಮೊಳದುದ್ದ ಬರ್ಕೊಟ್ಟಿದ್ದೆ. ಇವತ್ತು ಗೇಣುದ್ದನೂ ಇಲ್ಲ. ಸಾಮಾನು ಕಮ್ಮಿ ಆಗದಿಲ್ವಾ?”

ನಾನು ಏನೋ ಹೇಳಲು ಕೆಮ್ಮಿದೆ. ಅಷ್ಟರಲ್ಲಿ ತಂಗಿ ಚೀಟಿ ಕಿತ್ತುಕೊಂಡು ಬಸ್ಸು ಹತ್ತುತ್ತ ಅಂದಳು:

“ಅದು ಮೇಷ್ಟ್ರು ಓದಿದ್ದು ಕಣಪ್ಪ. ಅಣ್ಣ ಓದಿರದು ಇಷ್ಟೇಯ.”